ಅಪ್ಪ ಏನ್ ಮಾಡ್ತಾನ ಅನ್ನೋದೂ ಎಂಜಿನಿಯರಿಂಗ್ ಪ್ರಶ್ನೆಯೇ?

(ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಓದಿದ ಹುಡುಗ-ಹುಡುಗಿಯರ ಸಭೆಯಲ್ಲಿ ಆಡಿದ ಮಾತು)



ನೌಕರಿ ಸಿಗಲಿಲ್ಲ ಅನ್ನೋದು ನಮ್ಮ ಕೇರಿಗೆ ಹೊಸ ಸುದ್ದಿ ಅಲ್ಲ. ಡಿಪ್ಲೊಮಾ, ಬಿ.ಇ. ಮುಗಿಸಿ ಕಟ್ಟಿ ಮ್ಯಾಲ ಕುಂತ ಹುಡುಗರನ್ನು ಈ ಮೂರೂ ತಾಲೂಕಿನಾಗ ನಾವು ದಿನಾ ನೋಡ್ತೀವಿ. ಇದ್ದ ನೌಕರಿ ಎಲ್ಲರಿಗೂ ಸಾಲುವುದಿಲ್ಲ, ಅದೂ ಗೊತ್ತು. ಇವತ್ತು ನಾವು ಮಾತಾಡಬೇಕೆಂದಿರುವುದು ಸಂದರ್ಶನ ಎಂಬ ಆ ಹತ್ತು ನಿಮಿಷದ ಬಗ್ಗೆ. ಬಾಗಿಲು ಮುಚ್ಚಿದ ಆ ಕೋಣೆಯೊಳಗೆ ನಮ್ಮ ಮಕ್ಕಳನ್ನು ಯಾವ ಸೇರಿನಿಂದ ಅಳೆಯುತ್ತಾರೆ? ಇದನ್ನು ಕೇಳುವ ಹಕ್ಕು ನಮಗಿದೆ.

ಜೇವರ್ಗಿ ಕಡೆಯ ನಮ್ಮ ಹುಡುಗನೊಬ್ಬನ ಸಂಗತಿ ಹೇಳುತ್ತೇವೆ. ಹೆಸರು ಬ್ಯಾಡ, ಅವನು ಇನ್ನೂ ಅರ್ಜಿ ಹಾಕ್ತಾ ಇದ್ದಾನ. ಸಿವಿಲ್ ಎಂಜಿನಿಯರಿಂಗ್ ಓದಿದವನು. ಅವ್ವ-ಅಪ್ಪ ಮಳಿ ಕೈಕೊಟ್ಟ ವರ್ಷ ಪುಣೆಗೆ ದುಡಿಯಾಕ ಹೋದವರು, ಕಟ್ಟಡದ ಕೆಲಸ. ಶಾಲೆ ಸೂಟಿ ಬಿದ್ದಾಗ ಇವನೂ ಅಲ್ಲೇ ಕಾಂಕ್ರೀಟಿನ ಪುಟ್ಟಿ ಹೊತ್ತಾನ. ನೀರು ಹೆಚ್ಚು ಸುರಿದರ ಕಾಂಕ್ರೀಟು ಸಲೀಸಾಗಿ ಹರೀತದ, ಆದರ ಸ್ಲ್ಯಾಬಿನ ಬಲ ಹೋಗ್ತದ ಅನ್ನೋದನ್ನ ಮೇಸ್ತ್ರಿಯ ಬೈಗುಳದಾಗ ಕಲಿತವನು. ಅದಕ್ಕ ನೀರು-ಸಿಮೆಂಟಿನ ಅನುಪಾತ ಅಂತ ಹೆಸರದ ಅಂತ ಕಾಲೇಜಿನಾಗ ಆಮ್ಯಾಲ ತಿಳೀತು. ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಪಾಲು ಖಡಿ, ಇದು ಎಂ-20ರ ಲೆಕ್ಕ. ಅವನ ಅವ್ವ ಅದನ್ನು ಲೆಕ್ಕ ಅಂತ ತಿಳಿಯದೇ ತಲಿ ಮ್ಯಾಲ ಹೊತ್ತಾಳ.

ಬೆಂಗಳೂರಿನ ಒಂದು ಕಟ್ಟಡ ಕಂಪನಿಯಿಂದ ಸೈಟ್ ಎಂಜಿನಿಯರ್ ಕೆಲಸಕ್ಕೆ ಕರೆ ಬಂತು. ರಾತ್ರಿ ಪೂರಾ ಜನರಲ್ ಡಬ್ಬಿಯೊಳಗ ನಿಂತು ಹೋದ. ಸ್ಟೇಷನ್ನಿನ ನಳದಾಗ ಮಾರಿ ತೊಳಕೊಂಡು ಚೀಲದೊಳಗಿನ ಇಸ್ತ್ರಿ ಅಂಗಿ ಹಾಕ್ಕೊಂಡ. ಹನ್ನೊಂದಕ್ಕೆ ಬಾ ಅಂದವರು ಮೂರೂವರೆಗೆ ಒಳಗೆ ಕರೆದರು. ಮೂವರು ಕುಂತಿದ್ದರು.

"ಪೂರ್ತಿ ಹೆಸರು?" ಹೇಳಿದ.

"ಅಡ್ಡಹೆಸರು?" ಅದನ್ನೂ ಹೇಳಿದ.

"ಅದು ಯಾರಲ್ಲಿ ಬರೋ ಹೆಸರು?"

"ನಮ್ಮ ಮನಿತನದ್ದು ಸರ್. ಜೇವರ್ಗಿ ತಾಲೂಕು."

"ತಂದೆ ಏನು ಮಾಡ್ತಾರೆ?"

"ಕೂಲಿ ಸರ್."

"ಹೊಲ ಇದೆಯಾ?"

"ಇಲ್ರಿ ಸರ್."

ಆ "ಇಲ್ರಿ" ಕೇಳಿ ಒಬ್ಬರು ನಕ್ಕರಂತೆ. ನಿಮ್ಮ ಕನ್ನಡವೇ ಹೀಗಿದೆ, ಇನ್ನು ಇಂಗ್ಲಿಷಿನಲ್ಲಿ ಹೇಗೆ ಮಾತಾಡ್ತೀರಿ ಅಂದರು. ಹವ್ಯಾಸ ಏನು ಅಂದರು. ನಡುವೆ ಒಂದು ವರ್ಷ ಓದು ಯಾಕೆ ಬಿಟ್ಟಿದೆ ಅಂದರು. ಆ ವರ್ಷ ಅಪ್ಪ ಪರಾಂಚಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಿದ್ದ, ಇವನು ಕಬ್ಬು ಕಡಿಯೋ ಗ್ಯಾಂಗಿನ ಜೋಡಿ ಹೋಗಿದ್ದ. ಹೇಳಲಿಲ್ಲ. "ತಿಳಿಸ್ತೀವಿ" ಅಂದರು. ಇವತ್ತಿನವರೆಗೂ ತಿಳಿಸಿಲ್ಲ.

ಕಾಂಕ್ರೀಟಿನ ಬಗ್ಗೆ ಒಂದು ಪ್ರಶ್ನೆ ಇಲ್ಲ. ಕಬ್ಬಿಣ ಕಟ್ಟೋದರ ಬಗ್ಗೆ ಇಲ್ಲ. ಎಷ್ಟು ದಿನ ನೀರುಣಿಸಬೇಕು ಅಂತ ಕೇಳಲಿಲ್ಲ. ಕೇಳಿದ್ದರ ಅವನು ಎದ್ದು ನಿಂತು ಹೇಳ್ತಿದ್ದ. ನಪಾಸಾಗೋ ಹಕ್ಕಾದರೂ ಬೇಕಲ್ಲ? ಎಂಜಿನಿಯರಿಂಗಿನಾಗ ನಪಾಸ್ ಮಾಡಲಿ, ಒಪ್ತೀವಿ. ಅಪ್ಪನ ಕೂಲಿಯೊಳಗ ನಪಾಸ್ ಮಾಡಿದರ ಹ್ಯಾಂಗ ಒಪ್ಪೋದು?

ತಂದೆ ಏನು ಮಾಡ್ತಾರೆ ಅಂತ ಕೇಳಿದರೆ ತಪ್ಪೇನು, ಹುಡುಗನ ಅಂಜಿಕೆ ಹೋಗಲಿ ಅಂತ ಕೇಳ್ತಾರೆ ಎಂದು ನಮ್ಮವರೇ ಕೆಲವರು ಅಂತಾರ. ಗೌಡರ ಮಗನಿಗೂ ಇದೇ ಪ್ರಶ್ನೆ ಕೇಳ್ತಾರ, ನಿಜ. ಅವನ ಉತ್ತರದಿಂದ ಅವನಿಗೆ ಕುರ್ಚಿ ಗಟ್ಟಿ ಆಗ್ತದ. ನಮ್ಮವನ ಉತ್ತರದಿಂದ ಅವನ ನಾಲಿಗಿ ಒಣಗ್ತದ. ಕ್ಯಾಥರೀನ್ ನ್ಯೂಮನ್, ಸುರಿಂದರ್ ಜೋಧ್ಕಾ ಎಂಬ ಸಂಶೋಧಕರು ದೊಡ್ಡ ಕಂಪನಿಗಳಲ್ಲಿ ನೇಮಕ ಮಾಡುವವರನ್ನೇ ಮಾತಾಡಿಸಿ 2007ರಲ್ಲಿ ಬರೆದರು. ಅರ್ಹತೆಯೊಂದೇ ನಮಗೆ ಮುಖ್ಯ ಎನ್ನುವವರೇ, ಅದೇ ಉಸಿರಿನಲ್ಲಿ, ಮನೆತನದ ಹಿನ್ನೆಲೆ ನೋಡಬೇಕಾಗುತ್ತದೆ ಎನ್ನುತ್ತಿದ್ದರು. ಅದೇ ವರ್ಷ ಸುಖದೇವ ಥೋರಟ್ ಮತ್ತು ಪಾಲ್ ಅಟ್ವೆಲ್ ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ನೌಕರಿ ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಓದು ಒಂದೇ, ಹೆಸರು ಮಾತ್ರ ಬೇರೆ. ಸಂದರ್ಶನಕ್ಕೆ ಕರೆ ಬರುವ ಅವಕಾಶ ಮೇಲ್ಜಾತಿಯ ಹೆಸರಿಗೆ 100 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಸುಮಾರು 67, ಮುಸ್ಲಿಮರ ಹೆಸರಿಗೆ ಸುಮಾರು 33. ಅಂದರ ಕೋಣೆ ಹೊಕ್ಕ ಮ್ಯಾಲಿನ ಮಾತು ದೂರ ಉಳೀತು, ಲಕೋಟೆ ಒಡೆಯುವಾಗಲೇ ಅರ್ಧ ಆಟ ಮುಗಿದಿರ್ತದ.

ಈಗ ಒಂದು ಮುಖ್ಯ ವಿಷಯ. ನಮ್ಮ ಹುಡುಗನಿಗಾದದ್ದು ದೇಶದ ಅತಿ ದೊಡ್ಡ ಕೋರ್ಟಿನ ಮುಂದೆ ಎಂದೋ ಹೋಗಿದೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಸೀಟು ಕೊಡುವಾಗ ಬರವಣಿಗೆಗೆ 100 ಅಂಕ, ಸಂದರ್ಶನಕ್ಕೆ 50. ಸೀಟು ಸಿಗದ ಹುಡುಗರು ದೂರು ಕೊಟ್ಟರು. ಒಬ್ಬೊಬ್ಬರನ್ನು ಎರಡು-ಮೂರು ನಿಮಿಷ ಮಾತಾಡಿಸಿದರು, ಕೇಳಿದ್ದೆಲ್ಲ ತಂದೆ-ತಾಯಿ ಯಾರು, ಊರು ಯಾವುದು ಎಂಬುದೇ, ಓದಿದ ವಿಷಯದ ಮಾತಿಲ್ಲ ಎಂದರು. ಅಜಯ್ ಹಾಸಿಯಾ ಪ್ರಕರಣ ಅಂತ ಅದಕ್ಕೆ ಹೆಸರು. 1980ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮೂರರಲ್ಲೊಂದು ಪಾಲು ಅಂಕವನ್ನು ಸಂದರ್ಶನಕ್ಕೆ ಇಡುವುದು ಅತಿಯಾಯಿತು, ಇಂಥ ಕಡೆ ಶೇಕಡಾ 15 ಮೀರಬಾರದು ಎಂದಿತು. ಸಂದರ್ಶನವನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು ಎಂದೂ ಹೇಳಿತು. ಟೇಪ್ ರೆಕಾರ್ಡರ್ ಊರಿಗೊಂದು ಇದ್ದ ಕಾಲದಾಗ ಕೋರ್ಟು ಈ ಮಾತು ಹೇಳ್ಯಾದ. ಇವತ್ತು ಕುರಿ ಕಾಯೋ ಹುಡುಗನ ಕಿಸೆದಾಗೂ ರೆಕಾರ್ಡ್ ಮಾಡೋ ಫೋನ್ ಅದ. ಸಂದರ್ಶನದ ಕೋಣೆಯೊಳಗ ಮಾತ್ರ ಅದನ್ನ ಬಂದ್ ಮಾಡಿಸಿ ಒಳಗ ಬಿಡ್ತಾರ.

ಇದಕ್ಕಿಂತ ಹಿಂದೆ, 1964ರಲ್ಲಿ, ನಮ್ಮ ರಾಜ್ಯದ್ದೇ ಒಂದು ತೀರ್ಪು ಬಂದಿತ್ತು. ಅದು ಚಿತ್ರಲೇಖಾ ಪ್ರಕರಣ. ಮೈಸೂರು ರಾಜ್ಯದ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳ ಸಂದರ್ಶನ ಸರಿಯೇ ಎಂಬ ಪ್ರಶ್ನೆ. ಆಗ ಕೋರ್ಟು ಸರಿ ಎಂದಿತ್ತು. ಹದಿನಾರು ವರ್ಷದ ಮೇಲೆ ಕಡಿವಾಣ ಬಿತ್ತು. ಕಡಿವಾಣ ತಾನಾಗಿ ಬೀಳಲಿಲ್ಲ, ದೂರು ಕೊಟ್ಟವರು ಇದ್ದರು ಅನ್ನೋದನ್ನ ಮರೀಬ್ಯಾಡ್ರಿ.

ಆಳಂದ ಕಡೆಯ ಡಿಪ್ಲೊಮಾ ಹುಡುಗನಿಗೆ ಇನ್ನೊಂದು ಕಂಪನಿಯವರು ನಗುನಗುತ್ತಾ ಅಂದರಂತೆ: "ನಿಮಗೇನ್ರೀ, ರಿಸರ್ವೇಶನ್ ಇದೆ, ಸರ್ಕಾರಿ ನೌಕರಿ ನೋಡಿಕೊಳ್ಳಿ." ಸರ್ಕಾರಿ ಕಡೆ ಏನು ನಡೆದಿದೆ ನೋಡೋಣ. ಲೋಕಸೇವಾ ಆಯೋಗದ 2011ರ ಸಾಲಿನ 362 ಹುದ್ದೆಗಳ ಪಟ್ಟಿ. 200 ಅಂಕದ ಸಂದರ್ಶನದಲ್ಲೇ ಕೈವಾಡ ನಡೆದಿದೆ ಎಂದು ದೂರು, 2013ರಲ್ಲಿ ಸಿಐಡಿ ತನಿಖೆ. 2014ರಲ್ಲಿ ಸರ್ಕಾರ ಪಟ್ಟಿ ಕೈಬಿಟ್ಟಿತು. 2018ರಲ್ಲಿ ಹೈಕೋರ್ಟೂ ಆಯ್ಕೆ ನಿಲ್ಲದು ಎಂದಿತು. 2022ರಲ್ಲಿ ವಿಧಾನಸಭೆಯಲ್ಲಿ ಕಾನೂನು ಮಾಡಿ ಅದೇ ಪಟ್ಟಿಗೆ ಜೀವ ಕೊಟ್ಟರು. ಬರವಣಿಗೆ ಪರೀಕ್ಷೆ ಶುದ್ಧ ಅಂತ ನಾವೇನೂ ಹೇಳೋದಿಲ್ಲ. 2021ರ ಅಕ್ಟೋಬರಿನ 545 ಪಿಎಸ್ಐ ಹುದ್ದೆಯ ಪರೀಕ್ಷೆಯ ಹಗರಣ ಹೊರಬಿದ್ದದ್ದು ನಮ್ಮ ಕಲಬುರಗಿಯ ಕೇಂದ್ರದಿಂದಲೇ, ಮತ್ತೆ ಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆದರೆ ಉತ್ತರ ಪತ್ರಿಕೆ ಒಂದು ಕಾಗದ. ಅದನ್ನು ಹಿಡಿದು ಕಳ್ಳನನ್ನು ಹಿಡಿಯಬಹುದು. ಸಂದರ್ಶನದಲ್ಲಿ ನಕ್ಕ ನಗೆಯನ್ನು ಯಾವ ಸಿಐಡಿ ಹಿಡಿಯುತ್ತದೆ?

2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ, ಬಿ ಗುಂಪಿನ ನಾನ್-ಗೆಜೆಟೆಡ್ ಹುದ್ದೆಗಳೂ ಸೇರಿ, ಸಂದರ್ಶನವನ್ನೇ ತೆಗೆದುಹಾಕಿದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಜೂನಿಯರ್ ಎಂಜಿನಿಯರ್ ಪರೀಕ್ಷೆ ಇದರೊಳಗ ಬರ್ತದ. ಕೇಂದ್ರದ ಲೋಕೋಪಯೋಗಿ ಇಲಾಖೆ, ಜಲ ಆಯೋಗಗಳಿಗೆ ಹುಡುಗರು ಸಂದರ್ಶನ ಇಲ್ಲದೇ ಹೋಗ್ಯಾರ. ಹೊಲ ಎಷ್ಟು ಅಂತ ಕೇಳಲಿಲ್ಲ ಅಂತ ಯಾವ ಸೇತುವೆ ಬಿತ್ತು?

ದಕ್ಷತೆ ಕೆಡುತ್ತದೆ ಎಂಬ ಕೂಗು ಹಳೇದು. 1918ರಲ್ಲಿ ಮೈಸೂರಿನ ಮಹಾರಾಜರು ಹಿಂದುಳಿದವರಿಗೆ ನೌಕರಿ ಕೊಡಲು ಮಿಲ್ಲರ್ ಸಮಿತಿ ನೇಮಿಸಿದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅದನ್ನು ಒಪ್ಪದೆ ಹುದ್ದೆ ಬಿಟ್ಟರು. ದೊಡ್ಡ ಎಂಜಿನಿಯರು, ಅಣೆಕಟ್ಟಿನ ಬಗ್ಗೆ ತಕರಾರಿಲ್ಲ. ಆದರ ಅವರ ಜಯಂತಿಯನ್ನು ಎಂಜಿನಿಯರುಗಳ ದಿನ ಅಂತ ಮಾಡುವವರು ಇದನ್ನೂ ಹೇಳಬೇಕಲ್ಲ? 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಜೊತೆಗೆ ನೀರಾವರಿ, ವಿದ್ಯುತ್ ನೋಡಿಕೊಂಡವರು ಬಾಬಾಸಾಹೇಬರು. ಕೇಂದ್ರದ ಜಲ ಆಯೋಗ 1945ರಲ್ಲಿ ಹುಟ್ಟಿದ್ದು ಅವರ ಕಾಲದಲ್ಲಿ. ಈ ಮಾತು ಯಾವ ಎಂಜಿನಿಯರಿಂಗ್ ಕಾಲೇಜಿನ ಗೋಡೆ ಮ್ಯಾಲೂ ನಾವು ನೋಡಿಲ್ಲ.

371(ಜೆ) ಬಂದು 2013ರಿಂದ ನಮ್ಮ ಭಾಗಕ್ಕೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಸಿಕ್ಕಿದೆ. ಖಾಸಗಿ ಕಂಪನಿಯ ಬಾಗಿಲ ತನಕ ಅದು ಹೋಗುವುದಿಲ್ಲ. ಮಾಹಿತಿ ಹಕ್ಕೂ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ನಮ್ಮ ಬೇಡಿಕೆ ಎರಡೇ. ಖಾಸಗಿಯಲ್ಲೂ ಮೀಸಲಾತಿ ಬರಲಿ. ಅದು ಬರುವ ತನಕ, ಸರ್ಕಾರದ ಜಮೀನು, ನೀರು, ಟೆಂಡರು ತಿಂದ ಪ್ರತಿ ಕಂಪನಿ ತನ್ನ ಸಂದರ್ಶನವನ್ನು ರೆಕಾರ್ಡ್ ಮಾಡಿ ಇಡಲಿ, ಕೇಳಿದವನಿಗೆ ಕೊಡಲಿ.

ಅವರು ಬರೆದಿಡುವ ತನಕ ನಾವು ಬರೆದಿಡೋಣ. ಮೂರು ತಾಲೂಕಿಗೆ ಮೂರು ದಫ್ತರ ತಂದಿದ್ದೇವೆ. ಸಂದರ್ಶನಕ್ಕೆ ಹೋದವರು ಅವತ್ತೇ ರಾತ್ರಿ, ರೈಲಿನಾಗ ಕುಂತಾದರೂ ಸರಿ, ಒಂದು ಹಾಳ್ಯಾಗ ಬರೀರಿ: ಎಷ್ಟೊತ್ತು ಕಾಯಿಸಿದರು, ಎಷ್ಟು ನಿಮಿಷ ಮಾತಾಡಿಸಿದರು, ಏನೇನು ಕೇಳಿದರು, ಓದಿದ್ದರ ಬಗ್ಗೆ ಎಷ್ಟು ಪ್ರಶ್ನೆ. ನಮ್ಮ ಹೆಣ್ಣುಮಕ್ಕಳೂ ಬರೀಬೇಕು. ಅಫಜಲಪುರ ಕಡೆಯ ಎಲೆಕ್ಟ್ರಿಕಲ್ ಓದಿದ ತಂಗಿಗೆ ಲಗ್ನ ಯಾವಾಗ, ಗಂಡ ಬಿಡ್ತಾನಾ ಅಂತ ಕೇಳ್ಯಾರ, ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳಿಲ್ಲ. ಅದನ್ನೂ ಬರೀರವ್ವ. ಕಂಪನಿ ಹೆಸರು ದಫ್ತರದಾಗ ಇರಲಿ, ಹೊರಗ ಸದ್ಯ ಬ್ಯಾಡ. ಇಂಗ್ಲಿಷ್ ಬರದಿದ್ದರ ಚಿಂತಿಲ್ಲ, ಕೇಳಿದ ಮಾತು ಕೇಳಿದಂಗ ಕನ್ನಡದಾಗೇ ಬರೀರಿ. ದಫ್ತರ ಮೇಜಿನ ಎಡಗಡೆ ಅದಾವ, ಪೆನ್ನೂ ಅಲ್ಲೇ ಅದ.

ಜೈ ಭೀಮ್.