ಅಪ್ಪನ ಮೇಲ್ ಫೋಲ್ಡರ್ ಖಾಲಿ ಕಂಡ ದಿನ

ನಾಗಪುರದ ಮೇ ತಿಂಗಳು ಹೇಗಿರುತ್ತೆ ಅಂತ ಇಲ್ಲಿ ಇದ್ದವರಿಗೆ ಗೊತ್ತು. ಬಿಸಿಲು 45 ಡಿಗ್ರಿ ಮುಟ್ಟುತ್ತೆ, ಕೂಲರ್ ಹಗಲು ರಾತ್ರಿ ಓಡುತ್ತೆ. ಅಂಥ ಒಂದು ಭಾನುವಾರ ಕರೆಂಟ್ ಹೋಯ್ತು. ನನ್ನ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿಲ್ಲ. ತಪ್ಪು ನನ್ನದೇ. ಥಂಡರ್‌ಬರ್ಡ್ ತೆರೆದೇ ಇತ್ತು.

ಕರೆಂಟ್ ಬಂದ ಮೇಲೆ ನೋಡಿದರೆ 'ಅಪ್ಪ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದ ಫೋಲ್ಡರ್ ಖಾಲಿ. ಧಾರವಾಡದಿಂದ ಅಪ್ಪ 2009ರಿಂದ 2016ರವರೆಗೆ ಬರೆದ ಸುಮಾರು ಮುನ್ನೂರು ಮೇಲ್ ಅದರಲ್ಲಿದ್ದವು. ಮಳೆ ಬಂತಾ, ಊಟ ಆಯ್ತಾ, ಹಿತ್ತಲಿನ ಮಾವು ಹೂ ಬಿಟ್ಟಿದೆ, ಇಷ್ಟೇ. 2017ರಲ್ಲಿ ಅಪ್ಪ ತೀರಿಕೊಂಡರು. ಪಾಪ್ ಖಾತೆ ಆದ್ದರಿಂದ ಮೇಲ್ ಇಳಿದ ಮೇಲೆ ಸರ್ವರ್‌ನಲ್ಲಿ ಪ್ರತಿ ಉಳಿದಿರಲಿಲ್ಲ. ಮಿಹಾನ್‌ನಲ್ಲಿ ದಿನವಿಡೀ ಬೇರೆಯವರ ಬ್ಯಾಕಪ್ ಕಾಯುವ ನನ್ನ ಹತ್ತಿರ ಇದರ ಬ್ಯಾಕಪ್ ಇರಲಿಲ್ಲ!

ಆಗ ಕೈ ಸುಮ್ಮನಿರಲ್ಲ ನೋಡಿ. ಅನ್‌ಇನ್‌ಸ್ಟಾಲ್ ಮಾಡೋಣ, ಖಾತೆ ತೆಗೆದು ಮತ್ತೆ ಹಾಕೋಣ ಅನಿಸುತ್ತೆ. ಮಾಡಬೇಡಿ. 'ಕಾಂಪ್ಯಾಕ್ಟ್' ಅಂತೂ ಒತ್ತಲೇಬೇಡಿ. ಡಿಲೀಟ್ ಆದ ಮೇಲ್‌ಗಳು ಫೈಲಿನಿಂದ ನಿಜವಾಗಿ ಹೋಗುವುದು ಕಾಂಪ್ಯಾಕ್ಟ್ ಆದಾಗಲೇ. ಅಲ್ಲಿಯವರೆಗೆ ಅವಕ್ಕೆ ಬರೀ ಒಂದು ಗುರುತು ಹಾಕಿರುತ್ತೆ.

ಮೊದಲು ಹೆಲ್ಪ್ ಮೆನುವಿನ 'ಟ್ರಬಲ್‌ಶೂಟಿಂಗ್ ಇನ್‌ಫರ್ಮೇಷನ್'ನಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಥಂಡರ್‌ಬರ್ಡ್ ಮುಚ್ಚಿ. ಇಡೀ ಪ್ರೊಫೈಲನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಮುಂದಿನದೆಲ್ಲ ಆಮೇಲೆ.

ಪಾಪ್ ಖಾತೆಯ ಮೇಲ್ 'ಮೇಲ್' ಫೋಲ್ಡರಿನಲ್ಲಿ, ಐಮ್ಯಾಪ್‌ನದು 'ಐಮ್ಯಾಪ್‌ಮೇಲ್' ಫೋಲ್ಡರಿನಲ್ಲಿ ಇರುತ್ತೆ. ಅಲ್ಲಿ ಒಂದೊಂದು ಫೋಲ್ಡರಿಗೆ ಎರಡು ಫೈಲ್. ಎಕ್ಸ್‌ಟೆನ್ಷನ್ ಇಲ್ಲದ್ದು ಎಂಬಾಕ್ಸ್. ಮೇಲ್‌ಗಳೆಲ್ಲ ಒಂದರ ಕೆಳಗೊಂದು ಸಾದಾ ಪಠ್ಯವಾಗಿ ಅದರಲ್ಲಿರುತ್ತವೆ. ಎಂಎಸ್‌ಎಫ್ ಎಕ್ಸ್‌ಟೆನ್ಷನ್ ಇರುವುದು ಅದರ ಸೂಚಿ ಮಾತ್ರ. ಲೈಬ್ರರಿಯಲ್ಲಿ ಕಾರ್ಡ್ ಪೆಟ್ಟಿಗೆ ಬಿದ್ದು ಚೆಲ್ಲಾಪಿಲ್ಲಿ ಆದರೆ ಕಪಾಟಿನ ಪುಸ್ತಕ ಎಲ್ಲೂ ಹೋಗಲ್ಲ, ಅಲ್ವಾ?

ಎಂಬಾಕ್ಸ್ ಫೈಲಿನ ಗಾತ್ರ ನೋಡಿದೆ. 40 ಎಂಬಿ. ಜೀವ ಬಂತು. ಕಾಪಿಯನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದೆ, ಮತ್ತೆ ಎದೆ ಧಸಕ್ಕೆಂದಿತು. ಅಪ್ಪನ ಕನ್ನಡ ಒಂದಕ್ಷರವೂ ಇಲ್ಲ. ಸಾಲು ಸಾಲಾಗಿ ಈಕ್ವಲ್ ಚಿಹ್ನೆ, ಈ-ಸೊನ್ನೆ, ಬಿ-ಎರಡು. ಫೈಲ್ ಕೆಟ್ಟಿದೆ ಅಂದುಕೊಂಡು ಬಿಸಾಕಿಬಿಡುತ್ತಿದ್ದೆ. ಆಮೇಲೆ ಹೊಳೆಯಿತು, ಅದೇ ಕನ್ನಡ! ಯೂನಿಕೋಡ್ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಶುರುವಾಗುವುದೇ ಈ-ಸೊನ್ನೆ, ಬಿ-ಎರಡು ಅಥವಾ ಬಿ-ಮೂರರಿಂದ. ಹಳೆಯ ಮೇಲ್ ವ್ಯವಸ್ಥೆ ಇಂಗ್ಲಿಷ್ ಅಕ್ಷರ ಮಾತ್ರ ಸಾಗಿಸುವಂತೆ ಇದ್ದದ್ದರಿಂದ ಹೀಗೆ ವೇಷ ಹಾಕಿ ಕಳಿಸುತ್ತಾರೆ. ಇನ್ನು ಕೆಲವು ಮೇಲ್ ಬೇಸ್64ರಲ್ಲಿ ಇರುತ್ತವೆ, ಅವು ಇನ್ನೂ ಅಪರಿಚಿತ. ಇಂಗ್ಲಿಷ್ ಮೇಲ್ ಆದರೆ ನೋಡಿದ ಕೂಡಲೇ ಗೊತ್ತಾಗುತ್ತೆ. ನಮ್ಮದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಥಂಡರ್‌ಬರ್ಡ್ ಮುಚ್ಚಿದ್ದಾಗಲೇ ಆ ಒಂದು ಎಂಎಸ್‌ಎಫ್ ಫೈಲ್ ತೆಗೆದು ಹಾಕಿದೆ. ಮತ್ತೆ ತೆರೆದು ಫೋಲ್ಡರ್ ಒತ್ತಿದಾಗ ಸೂಚಿ ಹೊಸದಾಗಿ ಕಟ್ಟಿಕೊಂಡಿತು. ಮುನ್ನೂರೂ ಬಂದವು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿರುವ 'ರಿಪೇರ್ ಫೋಲ್ಡರ್' ಕೂಡ ಇದನ್ನೇ ಮಾಡುತ್ತೆ.

ಖಾತೆಯೇ ಕಾಣಿಸದೆ ಹೊಸದಾಗಿ ಸೆಟಪ್ ಕೇಳಿದರೆ? ಬಹುಶಃ ಹೊಸ ಪ್ರೊಫೈಲ್ ತೆರೆದುಕೊಂಡಿದೆ. ಅದೇ ಟ್ರಬಲ್‌ಶೂಟಿಂಗ್ ಪುಟದಲ್ಲಿ 'ಅಬೌಟ್ ಪ್ರೊಫೈಲ್ಸ್' ಕೊಂಡಿ ಇದೆ. ಹಳೆಯದನ್ನು ಅಲ್ಲಿಂದಲೇ ಆರಿಸಿಕೊಳ್ಳಬಹುದು.

ಆದರೆ ಎಂಬಾಕ್ಸ್ ಫೈಲೇ ಸೊನ್ನೆ ಗಾತ್ರ ತೋರಿಸಿದರೆ ಈ ಉಪಾಯ ಯಾವುದೂ ನಡೆಯಲ್ಲ. ಆಗ ಉಳಿಯುವುದು ಬ್ಯಾಕಪ್ ಒಂದೇ. ಅವತ್ತು ಸಂಜೆಯೇ ಆ ಫೋಲ್ಡರಿನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿದೆ, ಇನ್ನೊಂದನ್ನು ಧಾರವಾಡದ ಅಕ್ಕನಿಗೆ ಕಳಿಸಿದೆ. ರಾತ್ರಿ ಅಕ್ಕ ಫೋನ್ ಮಾಡಿದಳು, "ಮಾವಿನ ಹೂವಿಂದು ಓದಿದೆ ನೋಡೋ" ಅಂದಳು. ಆಮೇಲೆ ಇಬ್ಬರೂ ಸುಮ್ಮನಾದೆವು.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಪ್ರೊಫೈಲ್ ಫೋಲ್ಡರ್ ಒಮ್ಮೆ ಕಾಪಿ ಮಾಡಿ.