ಹಾಲಿನ ಮೆಟಡೋರ್

(ಒಕ್ಕೂಟದ ಸದಸ್ಯರ ಸಭೆಯಲ್ಲಿ, ಹಿಂದೆ ಹಾಲು ಸಾಗಾಣಿಕೆ ಮಾಡುತ್ತಿದ್ದ ನಾಗರಬಾವಿಯ ಹಿರಿಯ ಸದಸ್ಯರೊಬ್ಬರು ಆಡಿದ ಮಾತುಗಳು)



ಹಿಂದಿನ ಕಾಲದಲ್ಲಿ ಹಾಲು ಹೇಗೆ ಸಾಗುತ್ತಿತ್ತು ಎಂದು ಹತ್ತು ನಿಮಿಷ ಹೇಳಿ ಎಂದಿದ್ದಾರೆ. ನನಗೆ ಭಾಷಣ ಬರುವುದಿಲ್ಲ. ಬರುವುದು ಎರಡೇ, ಹಾಲು ಕರೆಯುವುದು ಮತ್ತು ಗಾಡಿ ಓಡಿಸುವುದು. ಆದ್ದರಿಂದ ನನ್ನ ಗಾಡಿಯ ಕಥೆಯನ್ನೇ ಹೇಳುತ್ತೇನೆ, ಹಾಲಿನ ಕಥೆ ಅದರ ಹಿಂದೆಯೇ ಬರುತ್ತದೆ.

ನಾನು ಮೆಟಡೋರ್ ಕೊಂಡದ್ದು 1985ರಲ್ಲಿ. ಪುಣೆಯ ಬಜಾಜ್ ಟೆಂಪೊ ಕಂಪನಿಯ ಗಾಡಿ, ಹಿಂದೆ ತೆರೆದ ಬಾಡಿ. ಆಗ ನಮ್ಮ ಕಡೆ ಯಾವ ಸಣ್ಣ ಲಾರಿ ಕಂಡರೂ ಜನ ಮೆಟಡೋರ್ ಎಂದೇ ಅನ್ನುತ್ತಿದ್ದರು, ಅಷ್ಟು ಬಳಕೆಯಾಗಿತ್ತು ಆ ಹೆಸರು. ಬಹಳ ವರ್ಷದ ಮೇಲೆ ಕಾನೂನು ಕಾಲೇಜಿನ ಹುಡುಗನೊಬ್ಬ ಆ ಹೆಸರಿನ ಅರ್ಥ ಹೇಳಿದ. ಸ್ಪೇನ್ ದೇಶದಲ್ಲಿ ಗೂಳಿಯೊಡನೆ ಕಾದಾಡಿ ಅದನ್ನು ಕೊಲ್ಲುವವನಿಗೆ ಹಾಗೆನ್ನುತ್ತಾರಂತೆ. ದನ ಸಾಕುವವರ ಹಾಲು ಹೊರುವ ಗಾಡಿಗೆ ಎಂಥ ಹೆಸರು ನೋಡಿ!

ದುಡ್ಡಿಗೆ ಜೋಡಿ ಎತ್ತು ಮಾರಿದೆ. ನಮ್ಮ ಮನೆಯವರ ಸರ ಹೋಯಿತು. ಉಳಿದದ್ದು ಬ್ಯಾಂಕಿನ ಸಾಲ. ಎತ್ತು ಮಾರಿ ಕಬ್ಬಿಣ ತಂದೆ ಎಂದು ನಮ್ಮ ತಂದೆ ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೇ ದಿನ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದು ಮುಂದಿನಿಂದ ಎಳೀತದೋ, ಹಿಂದಿನಿಂದ ತಳ್ತದೋ?" ಎಂದರು. ಮುಂದಿನ ಗಾಲಿಯೇ ಎಳೆಯುವುದು ಎಂದೆ. "ಹಂಗಾದ್ರೆ ಇದೂ ಎತ್ತೇ ಕಣೋ" ಎಂದು ಹೇಳಿ, ಒಳಗಿನಿಂದ ಅರಿಶಿನ ಕುಂಕುಮ ತರಿಸಿದರು.

ಮುಂದಿನ ಗಾಲಿ ಎಳೆಯುವುದರಿಂದ ಒಂದು ಅನುಕೂಲವಿತ್ತು, ಒಂದು ತೊಂದರೆಯೂ ಇತ್ತು. ಹಿಂದಿನ ಹಲಗೆ ನೆಲಕ್ಕೆ ಹತ್ತಿರ. ನಲವತ್ತು ಲೀಟರಿನ ಕ್ಯಾನು ತುಂಬಿದರೆ ಹೆಚ್ಚು ಕಡಿಮೆ ಐವತ್ತು ಕಿಲೊ. ಅಂಥ ಇಪ್ಪತ್ನಾಲ್ಕು ಕ್ಯಾನು ದಿನಕ್ಕೆರಡು ಸಲ ಎತ್ತಿಡುವವನ ಸೊಂಟಕ್ಕೆ ಒಂದು ಗೇಣು ಕಡಿಮೆಯಾದರೂ ಲಾಭವೇ. ತೊಂದರೆ ಮಳೆಗಾಲದಲ್ಲಿ. ಭಾರವೆಲ್ಲ ಹಿಂದೆ ಕೂತು, ಏರಿನಲ್ಲಿ ಮುಂದಿನ ಗಾಲಿ ಕೆಸರಲ್ಲಿ ಬರೀ ತಿರುಗುತ್ತಿತ್ತು. ಆಗ ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ಮುಂದೆ ನನ್ನ ಪಕ್ಕ ಕೂರಿಸುತ್ತಿದ್ದೆ. ಪುಕ್ಕಟೆ ಸವಾರಿ ಸಿಗುತ್ತದೆಂದು ಆ ಏರಿನ ಬುಡದಲ್ಲೇ ಕಾಯುವವರೂ ಇದ್ದರು!

ಇಂಜಿನ್ನು ಸೀಟುಗಳ ನಡುವೆ, ಮುಚ್ಚಳದ ಕೆಳಗೆ. ಬೇಸಿಗೆಯಲ್ಲಿ ತೊಡೆ ಸುಡುತ್ತಿತ್ತು. ಧನುರ್ಮಾಸದ ಚಳಿಯಲ್ಲಿ ಮಾತ್ರ ಅದೇ ಒಲೆ. ಟವೆಲಿನಲ್ಲಿ ಸುತ್ತಿದ ರೊಟ್ಟಿಯನ್ನು ಮುಚ್ಚಳದ ಮೇಲಿಟ್ಟರೆ ಡೇರಿ ಮುಟ್ಟುವ ಹೊತ್ತಿಗೆ ಬಿಸಿಯಾಗಿರುತ್ತಿತ್ತು. ಡೀಸೆಲ್ ವಾಸನೆ ಸ್ವಲ್ಪ ಹತ್ತುತ್ತಿತ್ತು ಅನ್ನಿ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಈಗ ನಾಗರಬಾವಿ ಎಂದರೆ ನಿಮಗೆ ಹೊರವರ್ತುಲ ರಸ್ತೆ, ಬಿ.ಡಿ.ಎ. ಕಾಂಪ್ಲೆಕ್ಸು ನೆನಪಾಗುತ್ತದೆ. ಆಗ ರಾಗಿ ಹೊಲ, ಅವರೆ ಸಾಲು. ಬೆಂಗಳೂರು ಹಾಲು ಒಕ್ಕೂಟ 1975ರಲ್ಲಿ ಸ್ಥಾಪನೆಯಾದ ಮೇಲೆ ಹಳ್ಳಿಹಳ್ಳಿಯ ಹಾಲಿಗೆ ಒಂದು ದಾರಿಯಾಯಿತು. ಅದಕ್ಕೆ ಮೊದಲು ಸೈಕಲ್ಲಿನವರು ಮನೆಮನೆಯಲ್ಲಿ ಕೊಂಡು, ಅವರು ಕೊಟ್ಟದ್ದೇ ದರ. ನನ್ನ ರೂಟು ಉಳ್ಳಾಲು, ಮಲ್ಲತ್ತಹಳ್ಳಿ, ನಾಗರಬಾವಿ. ಅಲ್ಲಿಂದ ಜ್ಞಾನಭಾರತಿಯ ಮರಗಳ ನಡುವೆ ಹಾಯ್ದು, ನಾಯಂಡಹಳ್ಳಿ, ಮೈಸೂರು ರಸ್ತೆ, ಕೊನೆಗೆ ಹೊಸೂರು ರಸ್ತೆಯ ಡೇರಿ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು 1965ರಲ್ಲಿ ಉದ್ಘಾಟಿಸಿದ ಡೇರಿ ಅದು. ಗಾಡಿಯ ಹಿಂದಿನ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ 'ಹಾಲು' ಎಂದು ದೊಡ್ಡದಾಗಿ ಬರೆಸಿದ್ದೆ. ಆ ಎರಡಕ್ಷರ ನೋಡಿ ಎಷ್ಟೋ ಲಾರಿಯವರು ದಾರಿ ಬಿಡುತ್ತಿದ್ದರು.

ಈಗ ನಿಮ್ಮಲ್ಲಿ ಹಲವು ಸಂಘಗಳಲ್ಲಿ ಬಿ.ಎಂ.ಸಿ. ಇದೆ. ಕರೆದ ಹಾಲು ಊರಲ್ಲೇ ನಾಲ್ಕು ಡಿಗ್ರಿಗೆ ಇಳಿಯುತ್ತದೆ, ಟ್ಯಾಂಕರು ನಿಧಾನವಾಗಿ ಬಂದರೂ ನಡೆಯುತ್ತದೆ. ಆಗ ಹಾಗಲ್ಲ. ಕೆಚ್ಚಲಿನಿಂದ ಹಾಲು ಬರುವುದೇ ಹಸುವಿನ ಮೈಬಿಸಿಯಲ್ಲಿ. ಆ ಬಿಸಿಯಲ್ಲಿ ಹುಳಿ ಹಿಡಿಸುವ ಅಣುಜೀವಿ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತದೆ. ಹಾಗಾಗಿ ಗಾಡಿಯವನು ಮಾಡುವ ತಡವೆಲ್ಲ ಹಾಲಿನ ಮೇಲೆ ಬೀಳುತ್ತದೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. 1988ರ ಏಪ್ರಿಲ್ ತಿಂಗಳು. ಫ್ಯಾನ್ ಬೆಲ್ಟು ಸವೆದಿದೆ, ಇವತ್ತೇ ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳಿದ್ದ. ಬಟವಾಡೆ ಆಗಲಿ ನೋಡೋಣ ಎಂದೆ. ಎರಡನೇ ದಿನ ಸಂಜೆ, ಜ್ಞಾನಭಾರತಿ ದಾಟುವ ಮೊದಲೇ ಬೆಲ್ಟು ಕಿತ್ತು ಇಂಜಿನ್ನು ಕಾದು ಹೊಗೆಯಾಡಿತು. ಹಗ್ಗ ಕಟ್ಟಿ ನೋಡಿದೆ, ಅರ್ಧ ಮೈಲಿ ಬರಲಿಲ್ಲ. ಬೇರೆ ಬೆಲ್ಟು ಹುಡುಕಿ ತಂದು ಹಾಕಿ ಡೇರಿ ಮುಟ್ಟುವಾಗ ರಾತ್ರಿ ಬಹಳ ಆಗಿತ್ತು. ಪರೀಕ್ಷಕರು ನಳಿಕೆಯಲ್ಲಿ ಹಾಲು ಕಾಯಿಸಿ ಎತ್ತಿ ತೋರಿಸಿದರು. ಒಡೆದಿತ್ತು. ಒಂದರ ಮೇಲೊಂದು ಹದಿನೇಳು ಕ್ಯಾನು ಒಡೆದಿತ್ತು.

ಕರಾರಿನಂತೆ ಅದು ಸಾಗಾಣಿಕೆದಾರನ ನಷ್ಟ. ನನ್ನ ಬಿಲ್ಲಿನಲ್ಲಿ ಹಿಡಿದರು, ಸರಿಯಾಗಿಯೇ ಹಿಡಿದರು. ಬಿಲ್ಲಿಗೆ ಸಾಲದ್ದನ್ನು ನಾನೇ ಮನೆಮನೆಗೆ ಹೋಗಿ ಕೊಡಲು ಹೊರಟೆ. ಕೆಲವರು ಬೇಡ ಬಿಡಪ್ಪ, ನೀನೇನು ಬೇಕಂತ ಮಾಡಿದೆಯಾ ಎಂದರು. ಒಂದೇ ಹಸು ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ಮಾತ್ರ ಕೈ ಚಾಚಿ ಎಣಿಸಿಕೊಂಡರು. "ನಿನ್ನ ಗಾಡಿ ಕೆಟ್ಟಿತು ಅಂತ ನನ್ನ ಹಸ ಮೇವು ಬಿಡ್ತದೇನಪ್ಪ?" ಎಂದರು. ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡ ಮೇಲೆ, ಕೂತುಕೋ ಎಂದು ಒಂದು ಲೋಟ ಮಜ್ಜಿಗೆ ಕೊಟ್ಟರು. ಬೇಡವೆಂದವರ ಮುಖ ನನಗೆ ಮರೆತಿದೆ, ಈ ಅಜ್ಜಿಯದು ಮರೆತಿಲ್ಲ. ಅಂದಿನಿಂದ ಸೀಟಿನ ಕೆಳಗೆ ಒಂದು ಹೊಸ ಬೆಲ್ಟು ಸದಾ ಇರುತ್ತಿತ್ತು.

ಆ ಗಾಡಿಯಲ್ಲಿ ಏನೇನು ಹೋಗಲಿಲ್ಲ! ಮಾಗಡಿ ಕಡೆಯ ರಾಗಿಹುಲ್ಲು, ಹಿಂಡಿ ಮೂಟೆ, ಮದುವೆ ಪಾತ್ರೆ, ಕರು ಅಡ್ಡಬಿದ್ದ ಹಸು. ರಾತ್ರಿ ಹೊತ್ತಲ್ಲಿ ಬಾಣಂತಿಯರನ್ನು ವಾಣಿವಿಲಾಸ ಆಸ್ಪತ್ರೆಗೂ ಮುಟ್ಟಿಸಿದೆ. ಆಯುಧಪೂಜೆಯ ದಿನ ಊರಿನ ಮಕ್ಕಳೆಲ್ಲ ಅದರೊಳಗೆ.

ಇನ್ನು ಕಳೆದುಕೊಂಡದ್ದು. ಯಾರೂ ಕದಿಯಲಿಲ್ಲ, ಎಲ್ಲೂ ಗುದ್ದಲಿಲ್ಲ. ಹಾಲೇ ಬತ್ತಿತು. ಹೊಲ ಬಡಾವಣೆಗೆ ಹೋಯಿತು, ಹೊಲದ ಜೊತೆ ಹುಲ್ಲು ಹೋಯಿತು. ಹುಲ್ಲಿಲ್ಲದ ಮೇಲೆ ಹಸು ಎಷ್ಟು ದಿನ? ಕೊಂಡ ಹುಲ್ಲಿನಲ್ಲಿ ಕೆಲವರು ಒಂದೆರಡು ವರ್ಷ ಎಳೆದರು. ಪರಿಹಾರದ ದುಡ್ಡಿನಲ್ಲಿ ಕೆಲವರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಅವರನ್ನು ತಪ್ಪೆನ್ನಲಾರೆ, ನಾನೂ ಎರಡು ಮನೆ ಕಟ್ಟಿದೆ. ಇಪ್ಪತ್ನಾಲ್ಕು ಕ್ಯಾನು ಹದಿನೇಳಾಯಿತು, ಒಂಬತ್ತಾಯಿತು. ಕೊನೆಕೊನೆಗೆ ನಾಲ್ಕು ಕ್ಯಾನು ಆ ಬಾಡಿಯಲ್ಲಿ ಲೊಟಲೊಟ ಅನ್ನುತ್ತ ಬರುತ್ತಿದ್ದವು. ತುಂಬಿದ ಗಾಡಿಗೆ ಬೇರೆ ಸದ್ದು, ಖಾಲಿ ಗಾಡಿಗೆ ಬೇರೆ ಸದ್ದು. ಆ ಸದ್ದು ಕೇಳಲಾರದೆ ನಾನು ಸುಮ್ಮನೆ ಹಾರ್ನು ಬಾರಿಸುತ್ತ ಬರುತ್ತಿದ್ದೆ. ಡೀಸೆಲ್ಲಿಗೂ ಹುಟ್ಟದ ರೂಟು 2001ರಲ್ಲಿ ನಿಂತಿತು.

ಆಮೇಲೆ ನಮ್ಮೂರಿನಿಂದ ಆಚೆಗೂ ಬಡಾವಣೆ ದಾಟಿತು. ಉಳ್ಳಾಲಿನ ಕಡೆ ವಿಶ್ವೇಶ್ವರಯ್ಯ ಬಡಾವಣೆ, ಅದರಾಚೆ ಸೂಲಿಕೆರೆ, ಕೊಮ್ಮಘಟ್ಟದ ಕಡೆ ನಾಡಪ್ರಭು ಕೆಂಪೇಗೌಡ ಬಡಾವಣೆ. ಇಲ್ಲಿ ಕೂತವರಲ್ಲಿ ಯಾರ ಹೊಲದ ಬದುವಿಗೆ ಅಳತೆ ಕಲ್ಲು ಬಂದಿದೆಯೋ ನನಗೆ ಗೊತ್ತಿಲ್ಲ. ಬಂದಿದ್ದರೆ, ಎಕರೆಯ ಬೆಲೆ ಕಟ್ಟುವಾಗ ಹಸುವಿನ ಹುಲ್ಲಿನ ಲೆಕ್ಕವನ್ನೂ ಹಿಡಿಯಿರಿ. ನಾವು ಅದೊಂದನ್ನು ಹಿಡಿಯಲಿಲ್ಲ.

2002ರಲ್ಲಿ ಮಾಗಡಿ ಕಡೆಯ ತರಕಾರಿಯವರಿಗೆ ಗಾಡಿ ಕೊಟ್ಟೆ. ಆ ಹೊತ್ತಿಗೆ ಕಂಪನಿಯವರು ಮೆಟಡೋರ್ ಮಾಡುವುದನ್ನೇ ನಿಲ್ಲಿಸಿದ್ದರು. ದುಡ್ಡು ಎಣಿಸಿಕೊಂಡು, ಕೀಲಿ ಕೊಟ್ಟು, ಒಳಗೆ ಹೋಗಿ ಕೂತೆ. ಅದು ಬೀದಿ ತಿರುಗುವಾಗ ಎರಡನೇ ಗೇರಿನಲ್ಲಿ ಒಂದು ಸಲ ಕೆಮ್ಮುತ್ತಿತ್ತು. ಆ ಕೆಮ್ಮು ಕೇಳಿಸಿತು. ನಮ್ಮ ಮನೆಯವರು ಏನೂ ಅನ್ನದೆ ಕಾಫಿ ತಂದಿಟ್ಟರು.

ಮೂರು ವರ್ಷದ ಮೇಲೆ ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಯ ಹತ್ತಿರ ಅದನ್ನು ಕಂಡೆ. ಹಸಿರು ಬಣ್ಣ ಬಳಿದಿದ್ದರು. ಹಿಂದಿನ ಹಲಗೆಯಲ್ಲಿ ಆ ಹಸಿರು ಎದ್ದುಹೋಗಿ, ಕೆಳಗಿನಿಂದ ನನ್ನ ನೀಲಿ 'ಹಾಲು' ಕಾಣುತ್ತಿತ್ತು. ಮೇಲೆ ಕೋಸಿನ ಮೂಟೆ. ಸ್ಟೀರಿಂಗಿನ ಮುಂದೆ ಇಪ್ಪತ್ತು ವರ್ಷದ ಹುಡುಗ. ಹತ್ತಿರ ಹೋಗಿ ಬಾಗಿಲ ಮೇಲೆ ಕೈಯಿಟ್ಟೆ. ಏನು ಬೇಕು ಯಜಮಾನ್ರೆ ಎಂದ. ಏನೂ ಇಲ್ಲಪ್ಪ, ಫ್ಯಾನ್ ಬೆಲ್ಟು ಯಾವಾಗ ಬದಲಾಯಿಸಿದೆ ಎಂದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, ಸೀಟಿನ ಕೆಳಗೆ ಕೈ ಹಾಕಿ ಹೊಸ ಬೆಲ್ಟೊಂದನ್ನು ಎತ್ತಿ ತೋರಿಸಿದ.