ಹತ್ತು ಶಿಲ್ಲಿಂಗ್ ಕೊಟ್ಟ ಬೂಟು ವ್ಯಾಪಾರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮಜ್ಜ ಮೆಟ್ಟು ಹೊಲಿದು ಸಂತೆಗೆ ಒಯ್ಯುತ್ತಿದ್ದ. ಅವನ ಉಳಿ, ರಂಪಿಗೆ ಇನ್ನೂ ನಮ್ಮ ಮನೆ ಗೂಡಿನಾಗೆ ಅವೆ. ಅದಕ್ಕೇ ಇರಬೇಕು, ಇಂಗ್ಲೆಂಡಿನ ಒಬ್ಬ ಬೂಟು ವ್ಯಾಪಾರಿಯ ಕಥೆ ನನ್ನ ಮನಸ್ಸು ಬಿಟ್ಟು ಹೋಗುವುದಿಲ್ಲ.

ಅವನ ಹೆಸರು ಥಾಮಸ್ ಗಾಚ್, ಊರು ಕೆಟರಿಂಗ್. ಸರ್ಕಾರದ ಗುತ್ತಿಗೆ ಹಿಡಿದು ಬೂಟು ಮಾಡಿಸುತ್ತಿದ್ದ ಸಾಹುಕಾರ. ಆಂಡ್ರ್ಯೂ ಫುಲ್ಲರ್ ಪಾಸ್ಟರ್ ಆಗಿದ್ದ ಬ್ಯಾಪ್ಟಿಸ್ಟ್ ಸಭೆಗೆ ಸೇರಿದವನು. 1780ರ ದಶಕದಲ್ಲಿ ಅವನಿಗೆ ಬೂಟು ಹೊಲಿದು ಕೊಡುತ್ತಿದ್ದವರಲ್ಲಿ ವಿಲಿಯಂ ಕೇರಿ ಒಬ್ಬ. ಹೆಸರೇ ಕೇರಿ, ನಗಬೇಡಿ! ಬಡವ, ಹೆಂಡತಿ ಮಕ್ಕಳಿದ್ದವನು. ಹೊಲಿದ ಬೂಟು ಚೀಲದಲ್ಲಿ ಹೊತ್ತು ಮೈಲಿಗಟ್ಟಲೆ ನಡೆದು ಹೋಗಿ ಕೊಟ್ಟು, ಹೊಸ ಚರ್ಮ ಹೊತ್ತು ವಾಪಸ್ ಬರೋನು. ಹೊಲಿಯುವಾಗಲೂ ಪಕ್ಕದಲ್ಲಿ ಪುಸ್ತಕ.

ಒಂದು ದಿನ ಗಾಚ್ ಅವನನ್ನು ಕರೆದು, ವಾರಕ್ಕೆ ಎಷ್ಟು ದುಡಿಯುತ್ತೀಯ ಅಂತ ಕೇಳಿದನಂತೆ. ಒಂಬತ್ತು ಹತ್ತು ಶಿಲ್ಲಿಂಗ್ ಅಂದ ಕೇರಿ. ಹಾಗಾದರೆ ಇನ್ನು ನನ್ನ ಚರ್ಮ ಕೆಡಿಸಬೇಡ, ಆ ಹತ್ತು ಶಿಲ್ಲಿಂಗ್ ನಾನೇ ಕೊಡ್ತೀನಿ, ನೀನು ಲ್ಯಾಟಿನ್, ಗ್ರೀಕ್, ಹೀಬ್ರೂ ಓದು ಅಂದನಂತೆ ಸಾಹುಕಾರ. ತಮಾಷೆಯ ಮಾತೇ ಇರಬಹುದು. ಆದರೆ ಲೆಕ್ಕ ನೋಡಿ: ದಾನ ಅಂತ ಏನೋ ಕೈಗೆ ತುರುಕಲಿಲ್ಲ. ಓದಲು ಕೂತರೆ ಮನೆಗೆ ಯಾವ ಕೂಲಿ ತಪ್ಪುತ್ತಿತ್ತೋ, ಅಷ್ಟನ್ನೇ ತುಂಬಿಕೊಟ್ಟ.

ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ. ಅಲ್ಲಿ ದೊಡ್ಡವರ ಊಟದಲ್ಲಿ ಒಬ್ಬ ಅಧಿಕಾರಿ, ಈತ ಮೊದಲು ಬೂಟು ತಯಾರಿಸುತ್ತಿದ್ದವನಲ್ಲವೇ ಅಂತ ಕುಹಕವಾಡಿದನಂತೆ. ತಯಾರಿಸುವಷ್ಟು ದೊಡ್ಡವನಲ್ಲ ಸ್ವಾಮಿ, ಹರಿದದ್ದು ಹೊಲಿಯುತ್ತಿದ್ದವನು ಅಂದನಂತೆ ಕೇರಿ. ಹಾಗಂತ ಅವನ ಕಷ್ಟವೂ ನಮ್ಮದೂ ಒಂದೇ ಅನ್ನಲಾರೆ. ಚರ್ಮ ಮುಟ್ಟಿದ್ದಕ್ಕೆ ಅವನನ್ನು ಯಾರೂ ಬಾವಿಯಿಂದ ದೂರ ನಿಲ್ಲಿಸಿರಲಿಲ್ಲ.

1817ರಲ್ಲಿ ಶ್ರೀರಾಂಪುರದ ಅಚ್ಚುಕೂಟದಿಂದ ಅವನು ಬರೆದ ಕನ್ನಡ ವ್ಯಾಕರಣ ಹೊರಬಂತು. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಆಡುವ ನಾವು ಇದನ್ನು ತಿಳಿದಿರಬೇಕು. ಉಳಿ ಹಿಡಿದ ಕೈ ನಮ್ಮ ಮಾತಿಗೂ ವ್ಯಾಕರಣ ಬರೆದಿದೆ.

ನಮ್ಮ ಕೇರಿಯಲ್ಲಿ ಇಂಟರ್ ಮುಗಿಸಿದ ಒಬ್ಬ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಿದ್ದಾನೆ. ಕಾಲೇಜು ಫೀಜಿಗೆ ಸ್ಕಾಲರ್‌ಶಿಪ್ ಐತೆ, ಮನೆಗೆ ಕೂಲಿ ಇಲ್ಲ. ಅವನ ವಾರದ ಕೂಲಿ ಎಷ್ಟಂತ ಅವರವ್ವನ್ನ ಕೇಳಿಕೊಂಡು ಬಂದಿದ್ದೀನಿ. ಊಟ ಆದ ಮೇಲೆ ಸಂಘದ ಖಜಾಂಚಿ ಲೆಕ್ಕದ ಪುಸ್ತಕ ತರಲಿ, ಕೂತು ನೋಡೋಣ.